9/8 ಅನ್ನು ಸಮಭಾಗ ಮಾಡಿದರೆ ತಾರ ಷಡ್ಜ ಯಾಕೆ ಕೂಡುವುದಿಲ್ಲ? ಎಷ್ಟು ಭಾಗ ಮಾಡುವುದು ಒಳ್ಳೆಯದು?

ತಂತಿಮೀಟು (ಪ್ರಶ್ನೆ)

ಹೋಲ್ ಟೋನ್, ಅಂದರೆ ಷಡ್ಜದಿಂದ 9/8ರ ರಿಷಭಕ್ಕೆ ಇರುವ ಅಂತರ, 203.91 ಸೆಂಟ್ (ಸ್ಥಾಯಿಯ 1200ನೇ ಒಂದು ಭಾಗ ಒಂದು ಸೆಂಟ್). ಅದನ್ನು ನಾಲ್ಕು ಸಮಭಾಗ ಮಾಡಿ, ಒಂದು ಮೆಟ್ಟಿಲಿಗೆ 50.98 ಸೆಂಟ್ ಅಂತ ಸಿಂತ್‌ಗೆ (ಸಿಂಥೆಸೈಜರ್) ಕೊಟ್ಟಿದ್ದೇನೆ. ಒಂದು ಸ್ಥಾಯಿಯಲ್ಲಿ ಆರು ಹೋಲ್ ಟೋನ್ ಇರುವುದರಿಂದ 24ನೇ ಮೆಟ್ಟಿಲಿಗೆ ತಾರ ಷಡ್ಜ ಬರಬೇಕಲ್ಲ? ಬರುವುದು ಜೋರಾಗಿ ನಡುಗುವ, ಸ್ಪಷ್ಟವಾಗಿ ಏರಿದ ಸ್ವರ. 23ನೇ ಮೆಟ್ಟಿಲು ನೋಡಿದರೆ ಅದು ಇನ್ನೂ ದೂರ, ಕೆಳಗೆ.

ಲೆಕ್ಕದಲ್ಲಿ ತಪ್ಪಿದೆಯೋ, ಫೈಲಿನಲ್ಲೋ? ನಾಲ್ಕೇ ಭಾಗ ಆಗಬೇಕು ಅಂತ ಹಟವಿಲ್ಲ. ಮೂರು, ಐದು, ಏಳು ಯಾವುದಾದರೂ ಸರಿ. ಎಷ್ಟು ಭಾಗ ಮಾಡಿದರೆ ಸ್ಥಾಯಿ ಮತ್ತು ಪಂಚಮ ಎರಡೂ ಕೇಳುವಂತಿರುತ್ತವೆ? ಮುಂದೆ ಇದನ್ನೇ ಫ್ರೆಟ್ ವಾದ್ಯಕ್ಕೂ ಹಾಕುವ ಯೋಚನೆ ಇದೆ.

---

ಲಾಗ್‌ಲೆಕ್ಕ

ಲೆಕ್ಕ ಸರಿಯಿದೆ, ಫೈಲೂ ಸರಿಯಿದೆ. ತಪ್ಪಿರುವುದು "ಸ್ಥಾಯಿಯಲ್ಲಿ ಆರು ಹೋಲ್ ಟೋನ್" ಅನ್ನುವ ಮಾತಿನಲ್ಲಿ. ಅದು 200 ಸೆಂಟಿನ ಹೋಲ್ ಟೋನಿಗೆ ಮಾತ್ರ ನಿಜ. 9/8 ಅನ್ನು ಆರು ಸಲ ಗುಣಿಸಿದರೆ 531441/262144, ಅಂದರೆ 2.0273. ಎರಡಕ್ಕಿಂತ 23.46 ಸೆಂಟ್ ಹೆಚ್ಚು. ಇದೇ ಪೈಥಾಗರಸ್ ಕಾಮಾ. ನಿಮ್ಮ ಷಡ್ಜ 440 ಹರ್ಟ್ಸ್ ಆಗಿದ್ದರೆ 24ನೇ ಮೆಟ್ಟಿಲು 880ಕ್ಕೆ ಬದಲು 892.0ಕ್ಕೆ ಕೂರುತ್ತದೆ. ಸೆಕೆಂಡಿಗೆ 12 ಬೀಟ್ (ನಾದದ ಏರಿಳಿತ). ನಡುಗದೆ ಇನ್ನೇನು?

ಇಲ್ಲಿ ಎರಡು ಬೇರೆ ಕುಟುಂಬಗಳಿವೆ, ಅವನ್ನು ಬೆರೆಸಬೇಡಿ. 200 ಸೆಂಟಿನ ಟೋನನ್ನು ಮೂರು ಮಾಡಿದರೆ ಸ್ಥಾಯಿಗೆ 18, ನಾಲ್ಕು ಮಾಡಿದರೆ 24, ಆರು ಮಾಡಿದರೆ 36, ಹದಿನಾರು ಮಾಡಿದರೆ 96. ಇವೆಲ್ಲ ಸ್ಥಾಯಿಯೊಳಗೆ ಅಚ್ಚುಕಟ್ಟಾಗಿ ಮುಚ್ಚಿಕೊಳ್ಳುತ್ತವೆ. ಸಂಗೀತ ರಚಿಸುವವರಲ್ಲಿ ಬುಸೋನಿ ಹೇಳಿದ ಮೂರನೇ ಒಂದು ಟೋನ್, ಹಾಬಾನ ಕಾಲು ಮತ್ತು ಆರನೇ ಒಂದು ಟೋನ್, ಹೂಲಿಯಾನ್ ಕರಿಯೋನ ಹದಿನಾರನೇ ಒಂದು ಟೋನ್ ಎಲ್ಲ ಈ ಸಾಲಿನವೇ. ಕರಿಯೋನ 15 ಪಿಯಾನೊಗಳು 1958ರಲ್ಲಿ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿದ್ದವು. ಒಂದು ಪೂರ್ಣ ಟೋನಿನದು, ಉಳಿದ 14 ಟೋನನ್ನು ಒಂದೊಂದು ಸಂಖ್ಯೆಯಿಂದ ಭಾಗಿಸಿದವು, ಮೂರರಿಂದ ಹದಿನಾರರವರೆಗೆ. ನೀವು ಮಾಡಿರುವುದು ಎರಡನೇ ಕುಟುಂಬ: ಶುದ್ಧ 9/8 ಅನ್ನು ಗಟ್ಟಿಯಾಗಿ ಹಿಡಿದು, ಸ್ಥಾಯಿಯನ್ನು ಅದರ ಪಾಡಿಗೆ ಬಿಡುವುದು.

ಎರಡನೆಯದರಲ್ಲಿ ಸ್ಥಾಯಿಗೆ ಎಷ್ಟು ಮೆಟ್ಟಿಲು ಅಂತ ತಿಳಿಯಲು ಭಾಗಗಳ ಸಂಖ್ಯೆಯನ್ನು 5.885ರಿಂದ ಗುಣಿಸಿ (1200 ÷ 203.91):

2 ಭಾಗ: ಮೆಟ್ಟಿಲು 101.955, ಸ್ಥಾಯಿಗೆ 11.77
3 ಭಾಗ: 67.970, 17.65
4 ಭಾಗ: 50.978, 23.54
5 ಭಾಗ: 40.782, 29.42
6 ಭಾಗ: 33.985, 35.31
7 ಭಾಗ: 29.130, 41.19
8 ಭಾಗ: 25.489, 47.08
9 ಭಾಗ: 22.657, 52.96

ನಾಲ್ಕು ಭಾಗದ್ದು 23.54, ಅಂದರೆ ಎರಡು ಮೆಟ್ಟಿಲಿನ ಸರಿಸುಮಾರು ನಡುವೆ. ಇದಕ್ಕಿಂತ ಕೆಟ್ಟ ಜಾಗದಲ್ಲಿ ಸ್ಥಾಯಿ ಬೀಳುವುದು ಕಷ್ಟ. ಸ್ಥಾಯಿ ಬೇಕೇ ಬೇಕು ಅಂದರೆ 8 ಅಥವಾ 9.

---

ಬೆಸಸಮ

ಮೇಲಿನ ಪಟ್ಟಿ ಸರಿ, ಆದರೆ ಕೊನೆಯ ಸಲಹೆಗೆ ನನ್ನ ತಕರಾರಿದೆ. 8 ತೆಗೆದುಕೊಂಡರೆ ಪಂಚಮ ಕೈಬಿಟ್ಟಂತೆ.

ಕಾರಣ ಸರಳ. ಎರಡು ಪಂಚಮ ಸೇರಿದರೆ ಒಂದು ಸ್ಥಾಯಿ ಮತ್ತು ಒಂದು ಹೋಲ್ ಟೋನ್: 3/2 × 3/2 = 2 × 9/8. ಹಾಗಾಗಿ ಪಂಚಮದ ಮೆಟ್ಟಿಲು ಅಂದರೆ (ಸ್ಥಾಯಿಯ ಮೆಟ್ಟಿಲು + ಭಾಗಗಳ ಸಂಖ್ಯೆ) ÷ 2. ಈ ಮೊತ್ತ ಸಮಸಂಖ್ಯೆ ಆದರೆ ಪಂಚಮಕ್ಕೆ ಒಂದು ಮೆಟ್ಟಿಲು ಸಿಗುತ್ತದೆ, ಮತ್ತು ಅದರ ತಪ್ಪು ಸ್ಥಾಯಿಯ ತಪ್ಪಿನ ಅರ್ಧ ಮಾತ್ರ. ಮೊತ್ತ ಬೆಸ ಆದರೆ ಸ್ಥಾಯಿ ಎಷ್ಟು ಚೆನ್ನಾಗಿ ಕೂತಷ್ಟೂ ಪಂಚಮ ಅಷ್ಟೇ ನಿಖರವಾಗಿ ಎರಡು ಮೆಟ್ಟಿಲಿನ ನಟ್ಟನಡುವೆ ಬೀಳುತ್ತದೆ.

8 ಭಾಗ: 47 + 8 = 55, ಬೆಸ. 47 ಮೆಟ್ಟಿಲು 1197.97 ಸೆಂಟ್, ಕೇವಲ 2 ಸೆಂಟ್ ಕಡಿಮೆ, ಚೆಂದ. ಆದರೆ ಪಂಚಮ 27.54ನೇ ಮೆಟ್ಟಿಲಿನಲ್ಲಿ. 27 ಹಿಡಿದರೆ 13.8 ಸೆಂಟ್ ಕೆಳಗೆ, 28 ಹಿಡಿದರೆ 11.7 ಮೇಲೆ.

7 ಭಾಗ: 41 + 7 = 48, ಸಮ. ಪಂಚಮ 24ನೇ ಮೆಟ್ಟಿಲು, 699.12 ಸೆಂಟ್. ಸ್ಥಾಯಿ 5.67 ಕಡಿಮೆ, ಪಂಚಮ ಅದರರ್ಧ, 2.84 ಕಡಿಮೆ.

9 ಭಾಗ: 53 + 9 = 62, ಸಮ. ಪಂಚಮ 31ನೇ ಮೆಟ್ಟಿಲು. ಸ್ಥಾಯಿ 0.80 ಹೆಚ್ಚು, ಪಂಚಮ 0.40 ಹೆಚ್ಚು.

ಇದೇ ಕಾರಣಕ್ಕೆ 17 ಭಾಗವೂ ಮೋಸ ಮಾಡುತ್ತದೆ. 100 ಮೆಟ್ಟಿಲಿಗೆ 1199.47, ನೋಡಿದರೆ ಆಸೆಯಾಗುವಂಥ ಸಂಖ್ಯೆ. ಆದರೆ 117 ಬೆಸ, ಪಂಚಮ 58.52ರಲ್ಲಿ. ಮೆಟ್ಟಿಲು 12 ಸೆಂಟಷ್ಟೇ ಆದ್ದರಿಂದ ತಪ್ಪು ಆರು ಸೆಂಟಿನೊಳಗೇ ನಿಲ್ಲುತ್ತದೆ ಅನ್ನುವುದು ಬೇರೆ ಮಾತು. ಆದರೂ ಅಷ್ಟೊಂದು ಮೆಟ್ಟಿಲು ಹೊತ್ತುಕೊಂಡು ಪಂಚಮ ಸಿಗದಿದ್ದರೆ ಯಾವ ಪುರುಷಾರ್ಥಕ್ಕೆ?

ಇನ್ನು 5/4ರ ಗಾಂಧಾರ. ಹೋಲ್ ಟೋನನ್ನು ಎಷ್ಟೇ ಭಾಗ ಮಾಡಿ, ಎರಡು ಟೋನ್ ಸೇರಿದರೆ ಬರುವುದು 81/64, 407.82 ಸೆಂಟ್. 5/4 ಬೇಕಾದರೆ ಅಲ್ಲಿಂದ 21.51 ಸೆಂಟ್ ಇಳಿಯಬೇಕು. ನಿಮ್ಮ ಮೆಟ್ಟಿಲು 21.5ರ ಆಸುಪಾಸಿನಲ್ಲಿ ಇರಬೇಕು, ಇಲ್ಲವೇ ಎರಡು ಮೂರು ಮೆಟ್ಟಿಲು ಸೇರಿ ಅಷ್ಟಾಗಬೇಕು. 9 ಭಾಗದಲ್ಲಿ ಒಂದು ಮೆಟ್ಟಿಲು 22.66, ಹಾಗಾಗಿ 17ನೇ ಮೆಟ್ಟಿಲಿನ ಗಾಂಧಾರ 385.16, ಬರೀ 1.15 ಕಡಿಮೆ. 7 ಭಾಗದಲ್ಲಿ 29.13, ಗಾಂಧಾರ 7.6 ಸೆಂಟ್ ತಪ್ಪು. 19 ಭಾಗ ಮಾಡಿದರೆ ಗಾಂಧಾರ 0.04 ಸೆಂಟಿನವರೆಗೆ ಶುದ್ಧ, ಆದರೆ 112 + 19 ಬೆಸ, ಪಂಚಮ 4.4 ಕೆಳಗೆ ಹೋಗುತ್ತದೆ. ಸ್ಥಾಯಿ, ಪಂಚಮ, ಗಾಂಧಾರ ಮೂರೂ ಬೇಕಾದರೆ ಕೈಗೆಟಕುವ ಗಾತ್ರದಲ್ಲಿ ಉಳಿಯುವುದು 9 ಒಂದೇ.

---

ಲಾಗ್‌ಲೆಕ್ಕ

ಒಪ್ಪಿದೆ. 8 ಅಂತ ಬರೆದದ್ದು ಅವಸರ.

9 ಭಾಗದ ಬಗ್ಗೆ ಒಂದು ಮಾತು. ಟರ್ಕಿಯ ಶಾಸ್ತ್ರೀಯ ಸಂಗೀತದ ಸಿದ್ಧಾಂತ ನಡೆಯುವುದೇ ಇದರ ಮೇಲೆ. ಅರೆಲ್, ಎಜ್ಗಿ, ಉಜ್‌ದಿಲೆಕ್ ಕಟ್ಟಿದ ಪದ್ಧತಿಯಲ್ಲಿ ಪೂರ್ಣ ಟೋನ್ (ತನಿನಿ) 9 ಕೋಮಾ, ಅಂದರೆ ಇಲ್ಲಿಯ 9 ಮೆಟ್ಟಿಲು, ಅದಕ್ಕಿಂತ ಚಿಕ್ಕವು 8, 5, 4 ಕೋಮಾ. 10/9ಕ್ಕೆ 8 ಮೆಟ್ಟಿಲು, 16/15ಕ್ಕೆ 5, 256/243ಕ್ಕೆ 4 ಅಂತ ನೀವೇ ಲೆಕ್ಕ ಹಾಕಿ ನೋಡಿ. ಮೂರೂ 1.6 ಸೆಂಟಿನೊಳಗೆ ಕೂರುತ್ತವೆ. ಅಲ್ಲಿಯೂ 53 ಮೆಟ್ಟಿಲನ್ನು ಪೂರ್ತಿ ನುಡಿಸುವುದಿಲ್ಲ, ಅದು ಅಳತೆಗೋಲು. ಸ್ಥಾಯಿಗೆ ಆರಿಸಿಕೊಳ್ಳುವುದು 24 ಸ್ವರಸ್ಥಾನ, ಅವೂ ಸಮಾಂತರದಲ್ಲಿಲ್ಲ.

ಟೋನನ್ನು ಭಾಗ ಮಾಡುವ ಜಗಳವೂ ಹಳೆಯದೇ. ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಕ್ ಸಂಗೀತ ಸಿದ್ಧಾಂತಿ ಅರಿಸ್ಟಾಕ್ಸೆನಸ್ ಟೋನನ್ನು ಅರ್ಧ, ಮೂರನೇ ಒಂದು, ಕಾಲು ಅಂತ ಕಿವಿಯಿಂದಲೇ ಭಾಗಿಸಿದ. ಅವನ ಲೆಕ್ಕವನ್ನು ಟೋನಿಗೆ 12 ಪಾಲು, ಶುದ್ಧ ಮಧ್ಯಮಕ್ಕೆ 30 ಪಾಲು ಅಂತ ಬರೆಯುವುದು ವಾಡಿಕೆ. ಆದರೆ ಟೋನ್ 9/8 ಆಗಿದ್ದರೆ 30 ಪಾಲು ಅಂದರೆ 509.8 ಸೆಂಟ್. 4/3 ಇರುವುದು 498.0ರಲ್ಲಿ. ವ್ಯತ್ಯಾಸ 11.73, ಮೇಲೆ ಪಂಚಮದಲ್ಲಿ ಕಂಡ ಅದೇ ಅರ್ಧ ಕಾಮಾ. ಅತ್ತ ಗ್ರೀಕ್ ಗಣಿತಜ್ಞ ಆರ್ಕಿಟಾಸ್, 9/8ರಂಥ ಅನುಪಾತಕ್ಕೆ ಪೂರ್ಣಾಂಕಗಳಲ್ಲಿ ಸಮವಾದ ಅರ್ಧವೇ ಇಲ್ಲ ಅಂತ ಸಾಧಿಸಿದ. 18:17:16 ಅಂತ ಒಡೆದರೆ ಒಂದು 98.95, ಇನ್ನೊಂದು 104.96 ಸೆಂಟ್. ನಿಜವಾದ ಅರ್ಧ 9/8ರ ವರ್ಗಮೂಲ, ಅಭಾಗಲಬ್ಧ.

---

ತಂತಿಮೀಟು

ಬೆಸ–ಸಮದ ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಎರಡು ಅನುಮಾನ. 9 ಭಾಗ ಅಂದರೆ ಸ್ಥಾಯಿಯನ್ನು 53 ಸಮಭಾಗ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮತ್ತೆ, ಕೊನೆಯ ಮೆಟ್ಟಿಲನ್ನು ಕತ್ತರಿಸಿ 2/1ಕ್ಕೆ ಮುಚ್ಚಿಬಿಟ್ಟರೆ ನಾಲ್ಕು ಭಾಗದ್ದೂ ಸರಿಯಾಗುವುದಿಲ್ಲವೇ?

---

ಕೀಲಿಮಣೆ

ಮೊದಲನೆಯದು: 53 ಸಮಭಾಗದ ಮೆಟ್ಟಿಲು 22.6415, ನಿಮ್ಮದು 22.6567. ಒಂದು ಸ್ಥಾಯಿಗೆ 0.80 ಸೆಂಟ್ ಹಿಗ್ಗುತ್ತದೆ, ಐದು ಸ್ಥಾಯಿ ಹತ್ತಿದರೆ 4 ಸೆಂಟ್. 440ರಿಂದ ಒಂದು ಸ್ಥಾಯಿ ಮೇಲೆ 880.41, ಅಂದರೆ ಎರಡೂವರೆ ಸೆಕೆಂಡಿಗೆ ಒಂದು ಬೀಟ್. ನಿಧಾನದ ಪ್ಯಾಡ್ ಶಬ್ದದಲ್ಲಿ ಹಿತವಾಗಿಯೇ ಕೇಳುತ್ತದೆ.

ಎರಡನೆಯದು: ಮುಚ್ಚಬಹುದು, ಆದರೆ ತಪ್ಪು ಮಾಯವಾಗುವುದಿಲ್ಲ, ಮಗ್ಗುಲು ಬದಲಿಸುತ್ತದೆ. ನಾಲ್ಕು ಭಾಗದಲ್ಲಿ 23 ಮೆಟ್ಟಿಲು 1172.48ಕ್ಕೆ ಬಂದು ನಿಲ್ಲುತ್ತದೆ. 24ನೆಯದಕ್ಕೆ ಉಳಿಯುವುದು 27.52 ಸೆಂಟ್, ಹೆಚ್ಚುಕಡಿಮೆ ಅರ್ಧ ಮೆಟ್ಟಿಲು. ಆ ಹೊಲಿಗೆ (ಕತ್ತರಿಸಿದ ಮೆಟ್ಟಿಲು) ದಾಟದ ಪಂಚಮ 713.69 (11.73 ಹೆಚ್ಚು), ದಾಟುವ ಪಂಚಮ 690.23 (11.73 ಕಡಿಮೆ). ಎರಡೂ ಒರಟು. 9 ಭಾಗದಲ್ಲಿ ಇದೇ ಕೆಲಸ ಮಾಡಿದರೆ ಕೊನೆಯ ಮೆಟ್ಟಿಲು 22.66ರ ಬದಲು 21.85. ಹೊಲಿಗೆ ದಾಟದ 22 ಪಂಚಮ 0.40 ಹೆಚ್ಚು, ದಾಟುವ 31 ಪಂಚಮ 0.40 ಕಡಿಮೆ. ಯಾವ ಕಿವಿಗೂ ಗೊತ್ತಾಗದು. ಸ್ಥಾಯಿ ಶುದ್ಧವಾಗಿರಬೇಕಾದ ಮೇಳದಲ್ಲಿ ಮುಚ್ಚಿಬಿಡಿ, ಒಂಟಿ ಸಿಂತ್ ಆದರೆ ಬಿಡಿ.

ಫೈಲ್ ಬಗ್ಗೆ. ಸ್ಕಾಲಾ ರೂಪದ ಶ್ರುತಿ ಫೈಲಿನಲ್ಲಿ (ಸರ್ಜ್ ಎಕ್ಸ್‌ಟಿ ಮುಂತಾದ ಸಿಂತ್‌ಗಳು ಇದನ್ನೇ ಓದುತ್ತವೆ) ಮುಚ್ಚದ ಶ್ರುತಿಗೆ ಮೂರೇ ಸಾಲು ಸಾಕು: ಒಂದು ವಿವರಣೆಯ ಸಾಲು, ನಂತರ ಸ್ವರಗಳ ಸಂಖ್ಯೆ 1, ನಂತರ 22.656667. ಕೊನೆಯ ಸಾಲೇ ಆವರ್ತನೆಯ ಅಂತರ, ಹಾಗಾಗಿ ಮೆಟ್ಟಿಲು ತಾನಾಗಿ ಮೇಲೂ ಕೆಳಗೂ ಬೆಳೆಯುತ್ತದೆ. ಇಲ್ಲಿ ಎಲ್ಲರೂ ಎಡವುವುದು ಒಂದು ಚುಕ್ಕೆಯಲ್ಲಿ. ದಶಮಾಂಶ ಬಿಂದು ಇದ್ದರೆ ಮಾತ್ರ ಅದು ಸೆಂಟ್, ಇಲ್ಲದಿದ್ದರೆ ಅನುಪಾತ. 51 ಅಂತ ಬರೆದರೆ 51/1 ಅಂತ ಓದಿಕೊಂಡು, ಪಕ್ಕದ ಕೀ ಒತ್ತುತ್ತಲೇ ಐದೂವರೆ ಸ್ಥಾಯಿಗೂ ಮೇಲೆ ನೆಗೆಯುತ್ತದೆ. 51.0 ಅಂತಿರಬೇಕು. ದಶಮಾಂಶಕ್ಕೆ ಅಲ್ಪವಿರಾಮ ಹಾಕುವ ಅಭ್ಯಾಸವಿರುವ ಸ್ಪ್ರೆಡ್‌ಶೀಟಿನಿಂದ ನಕಲು ಮಾಡಿದರೂ ಇದೇ ಗತಿ.

ದುಂಡು ಮಾಡುವಾಗ ಕನಿಷ್ಠ ಮೂರು ದಶಮಾಂಶ ಉಳಿಸಿಕೊಳ್ಳಿ. 22.7 ಅಂತ ಬರೆದರೆ 53 ಮೆಟ್ಟಿಲಿನಲ್ಲಿ ಇನ್ನೂ 2.3 ಸೆಂಟ್ ತಪ್ಪು ಸೇರುತ್ತದೆ, ಮೂಲ ತಪ್ಪಿನ ಸುಮಾರು ಮೂರು ಪಟ್ಟು.

ಕೀ ಜೋಡಣೆಯ ಫೈಲಿನಲ್ಲಿ ಪಟ್ಟಿಯ ಗಾತ್ರ 0 ಇಡಿ, ಆಗ ಪ್ರತಿ ಕೀಗೆ ಒಂದು ಮೆಟ್ಟಿಲು. ಆಧಾರ ಕೀ 69, ಕಂಪನಾಂಕ 440.0. ಆದರೆ ಮಿಡಿಯಲ್ಲಿ (ಕೀಬೋರ್ಡ್ ಮತ್ತು ಸಿಂತ್ ನಡುವಿನ ಸಂದೇಶ ಪದ್ಧತಿ) ಇರುವುದು 128 ಕೀ. 127 ಮೆಟ್ಟಿಲು × 22.66 = 2877 ಸೆಂಟ್, ಎರಡೂವರೆ ಸ್ಥಾಯಿಯೂ ಪೂರ್ತಿ ಇಲ್ಲ. ಅದಕ್ಕೇ 53ರಲ್ಲಿ ಬೇಕಾದ ಹನ್ನೆರಡನ್ನು ಮಾತ್ರ ಆರಿಸಿ ಮುಚ್ಚಿದ ಶ್ರುತಿ ಮಾಡಿಕೊಳ್ಳುವುದು ಜಾಣತನ. ಉದಾಹರಣೆಗೆ 5, 9, 14, 17, 22, 26, 31, 36, 40, 44, 48 ಮತ್ತು ಕೊನೆಗೆ 2/1.

ಶ್ರುತಿ ಫೈಲ್ ಓದದ ಸಿಂತ್‌ಗೆ ಪಿಚ್ ಬೆಂಡ್ (ಸ್ವರ ಬಾಗಿಸುವ ಸಂದೇಶ) ಬಳಸುವುದಾದರೆ ವ್ಯಾಪ್ತಿ ನೋಡಿಕೊಳ್ಳಿ. ±2 ಸೆಮಿಟೋನ್ ಇದ್ದರೆ ಒಂದು ಹೆಜ್ಜೆ 0.024 ಸೆಂಟ್, ಧಾರಾಳ. ಎಂಪಿಇಯ (ಪ್ರತಿ ಸ್ವರವನ್ನೂ ಬೇರೆಯಾಗಿ ಬಾಗಿಸುವ ಮಿಡಿ ವಿಧಾನ) ±48 ಇದ್ದರೆ 0.59 ಸೆಂಟ್. ಆಗ ಪಂಚಮದ 0.40ರ ಮಾತಾಡುವುದೇ ವ್ಯರ್ಥ.

---

ಬೆಸಸಮ

ನಾಲ್ಕು ಭಾಗವನ್ನು ಇಷ್ಟು ಬೇಗ ಬಿಸಾಡಬೇಡಿ. ಅದರಲ್ಲಿ ಸ್ಥಾಯಿ ಇಲ್ಲ, ಪಂಚಮ ಇಲ್ಲ, ಗಾಂಧಾರ ಇಲ್ಲ. ಆದರೆ 7/4 ಇದೆ. 19ನೇ ಮೆಟ್ಟಿಲು 968.57, ಶುದ್ಧ 7/4 ಇರುವುದು 968.83ರಲ್ಲಿ. ಕಾಲು ಸೆಂಟ್ ವ್ಯತ್ಯಾಸ. 9/8 ಹೇಗೂ ನಿಖರ, ಹಾಗಾಗಿ ಅವುಗಳ ನಡುವಿನ 14/9 ಕೂಡ 15 ಮೆಟ್ಟಿಲಿಗೆ ಸರಿಯಾಗಿ ಕೂರುತ್ತದೆ. 0, 4, 19 ಒಟ್ಟಿಗೆ ಒತ್ತಿದರೆ 8:9:14. 9 ಭಾಗದಲ್ಲಿ ಇದೇ 7/4 ಐದೂವರೆ ಸೆಂಟ್ ಏರು. ಸ್ಥಾಯಿಯನ್ನು ಎಲ್ಲಿಯೂ ಒತ್ತದೆ, ಈ ಮೂರನ್ನೇ ಜರುಗಿಸುತ್ತ ಹೋದರೆ ನಾಲ್ಕು ಭಾಗಕ್ಕೆ ತನ್ನದೇ ಮರ್ಯಾದೆ ಇದೆ.

ಎರಡು ಭಾಗದ್ದೂ ಹಾಗೇ. ಅದು ಬೇರೇನಲ್ಲ, ನಮ್ಮ ಮಾಮೂಲಿ 12 ಸಮಭಾಗವನ್ನೇ 1.955 ಶೇಕಡಾ ಹಿಗ್ಗಿಸಿದ್ದು. ಉಪಸ್ವರಗಳನ್ನು ಒಂದೊಂದಾಗಿ ಕೂಡಿಸಿ ನಾದ ಕಟ್ಟುವ ಆಡಿಟಿವ್ ಸಿಂತ್ ಇದ್ದರೆ ಉಪಸ್ವರಗಳನ್ನೂ ಅಷ್ಟೇ ಹಿಗ್ಗಿಸಿ: ಎರಡನೆಯದನ್ನು 2ರ ಬದಲು 2.027ಕ್ಕೆ, ಮೂರನೆಯದನ್ನು 3.065ಕ್ಕೆ, ಒಟ್ಟಾರೆ ಕ್ರಮಸಂಖ್ಯೆಯ 1.01955 ಘಾತ. ಆಗ ಸೆಕೆಂಡಿಗೆ 12 ಇದ್ದ ಬೀಟ್ ನಿಂತುಹೋಗುತ್ತದೆ. ನಾದದಲ್ಲಿ ಸಣ್ಣಗೆ ಗಂಟೆಯ ಛಾಯೆ ಬರುತ್ತದೆ. ಹಿಗ್ಗಿಸದ ಉಪಸ್ವರದ ವಾದ್ಯವನ್ನು ಜೊತೆಗೆ ಸೇರಿಸಿದರೆ ಮಾತ್ರ ಎಲ್ಲ ಕೆಡುತ್ತದೆ.

---

ಫ್ರೆಟ್‌ಗೆರೆ

ಫ್ರೆಟ್ ವಾದ್ಯಕ್ಕೆ ಹಾಕುವ ಮಾತು ಬಂದದ್ದರಿಂದ. ತಂತಿಯ ಉದ್ದ 650 ಮಿ.ಮೀ. ಅಂದುಕೊಳ್ಳಿ. 9/8ರ ಫ್ರೆಟ್ ನಟ್‌ನಿಂದ (ಬಿರಡೆಯ ಕಡೆ ತಂತಿ ಶುರುವಾಗುವ ಪಟ್ಟಿ) ಸರಿಯಾಗಿ ಒಂಬತ್ತನೇ ಒಂದು ಭಾಗದಲ್ಲಿ, 72.22 ಮಿ.ಮೀ. ಇದನ್ನು ಮೂರು ಭಾಗ ಮಾಡಲು ಸ್ಕೇಲ್ ಇಟ್ಟು 24.07, 48.15 ಅಂತ ಗೆರೆ ಎಳೆಯುವುದೇ ಸಾಮಾನ್ಯವಾಗಿ ನಡೆಯುವ ತಪ್ಪು. ಉದ್ದ ಸಮವಾದರೆ ಸ್ವರ ಸಮವಾಗುವುದಿಲ್ಲ. ಹಾಗೆ ಮಾಡಿದರೆ ಸಿಗುವುದು 27:26:25:24, ಅಂದರೆ ಮೆಟ್ಟಿಲುಗಳು 65.3, 67.9, 70.7 ಸೆಂಟ್. ಬೇಕಾದದ್ದು ಮೂರೂ 67.97.

ಸೂತ್ರ: ನಟ್‌ನಿಂದ ದೂರ = ಉದ್ದ × (1 − (8/9)ರ ಘಾತ ಕ್ರಮಸಂಖ್ಯೆ ÷ ಭಾಗ). ಮೂರು ಭಾಗಕ್ಕೆ 25.03, 49.09, 72.22. ಮೂರನೆಯದು ಉದ್ದದ ಒಂಬತ್ತನೇ ಒಂದು ಬಂತೇ ಅಂತ ನೋಡಿದರೆ ಲೆಕ್ಕ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೆಯಿರಿ, ಹಿಂದಿನ ಫ್ರೆಟ್‌ನಿಂದ ಅಲ್ಲ. ಇಲ್ಲದಿದ್ದರೆ ಗೆರೆಯ ದಪ್ಪವೆಲ್ಲ ಕೂಡುತ್ತ ಹೋಗುತ್ತದೆ. 0.1 ಮಿ.ಮೀ. ತಪ್ಪಿದರೆ ನಟ್ ಹತ್ತಿರ 0.27 ಸೆಂಟ್, ತಂತಿಯ ನಡುವೆ 0.53 ಸೆಂಟ್.

9 ಭಾಗವನ್ನು ಪೂರ್ತಿ ಫ್ರೆಟ್ ಹಾಕಲು ಹೋಗಬೇಡಿ. ಮೊದಲ ಫ್ರೆಟ್ 8.45 ಮಿ.ಮೀ.ಗೆ, 52 ಮತ್ತು 53ರ ನಡುವೆ 4.28 ಮಿ.ಮೀ. ಬೆರಳು ಎರಡು ಫ್ರೆಟ್ ಮೇಲೆ ಬಿದ್ದು ತಂತಿ ಗುಂಯ್‌ಗುಡುತ್ತದೆ. ಕೀಲಿಮಣೆಯವರು ಕೊಟ್ಟ ಹನ್ನೆರಡನ್ನು ಆರಿಸಿ ಹಾಕಿ. ಅದರಲ್ಲಿ ಫ್ರೆಟ್‌ಗಳ ನಡುವೆ ಅತಿ ಕಡಿಮೆ ಜಾಗ 44ರಿಂದ 48ಕ್ಕೆ, 650ರ ತಂತಿಯಲ್ಲಿ 18.6 ಮಿ.ಮೀ. ಆರಾಮಾಗಿ ಒತ್ತಬಹುದು. ಆದರೆ ಈ ಸ್ಥಾನಗಳು ಬಿಟ್ಟ ತಂತಿಯನ್ನು ಷಡ್ಜ ಮಾಡಿದಾಗ ಮಾತ್ರ ಸರಿ. ಪಂಚಮಕ್ಕೆ ಕಟ್ಟಿದ ಪಕ್ಕದ ತಂತಿಯಲ್ಲಿ ಅದೇ ಫ್ರೆಟ್ ಒತ್ತಿದರೆ 40ರ ಧೈವತದ ಬದಲು 31 + 9 = 40 ಸರಿಯಾಗಿ ಬರುತ್ತದೆ, 31 + 17 = 48 ಸರಿ, ಆದರೆ 31 + 14 = 45. ನೀವು ಆರಿಸಿದ್ದು 44. ಒಂದು ಮೆಟ್ಟಿಲಿನ ಇಂಥ ಜಗಳಕ್ಕೆ ಕಟ್ಟುವ ಫ್ರೆಟ್ ಇಟ್ಟುಕೊಳ್ಳುವುದೇ ಮದ್ದು. ಅಂಟಿಸಿದ ಫ್ರೆಟ್ ಆದರೆ ಆ ತಂತಿಯ ಕೆಳಗೆ ಮಾತ್ರ ಒಂದು ತುಂಡು ಫ್ರೆಟ್ 13ನೇ ಮೆಟ್ಟಿಲಿಗೆ ಸೇರಿಸಿ, ನಟ್‌ನಿಂದ 101.7 ಮಿ.ಮೀ.

---

ಕೀಲಿಮಣೆ

"40ರ ಧೈವತದ ಬದಲು" ಅನ್ನುವಲ್ಲಿ ವಾಕ್ಯ ತಿರುಚಿಕೊಂಡಿದೆ. 9ನೇ ಮೆಟ್ಟಿಲಿನ ಫ್ರೆಟ್ ಪಂಚಮದ ತಂತಿಯಲ್ಲಿ 40ನ್ನೇ ಕೊಡುತ್ತದೆ, ಅಲ್ಲಿ ತೊಂದರೆಯಿಲ್ಲ. ತೊಂದರೆ 14ರ ಫ್ರೆಟ್‌ನಲ್ಲಿ ಮಾತ್ರವೂ ಅಲ್ಲ: 26ರ ಫ್ರೆಟ್ ಆ ತಂತಿಯಲ್ಲಿ 57 ಕೊಡುತ್ತದೆ, ಸ್ಥಾಯಿ ಕಳೆದರೆ 4. ಪಟ್ಟಿಯಲ್ಲಿರುವುದು 5. ಅಲ್ಲಿಗೆ ಬೇಕಾದದ್ದು 27ನೇ ಮೆಟ್ಟಿಲಿನ ತುಂಡು.

---

ಫ್ರೆಟ್‌ಗೆರೆ

ಹೌದು, ಆ ವಾಕ್ಯ ಹಾಗೇ ಓದಿಕೊಳ್ಳಿ. 27ರ ತುಂಡು ನಟ್‌ನಿಂದ 193.5 ಮಿ.ಮೀ.ಗೆ ಬರುತ್ತದೆ. ಅದು ಮೂರು ಪೂರ್ಣ ಟೋನ್ ಆದ್ದರಿಂದ 650 × (1 − 512/729) ಅಂತ ಲಾಗ್ ಇಲ್ಲದೆಯೇ ತಾಳೆ ನೋಡಬಹುದು. ತಂತಿ ಒತ್ತಿದಾಗ ಎಳೆತಕ್ಕೆ ಸ್ವರ ಒಂದೆರಡು ಸೆಂಟ್ ಏರುತ್ತದೆ, ಹಾಗಾಗಿ ಬ್ರಿಡ್ಜ್ ಸರಿಮಾಡಿದ ಮೇಲೆಯೇ ತುಂಡುಗಳನ್ನು ಅಂಟಿಸಿ.